ಸಾಣೆಯವರು ಮುಂಬಾಗಿಲಿಂದ ಹೋದ ದಿನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಡಲತೀರದ ಹೋಟೆಲ್ ಸಾಲಿನ ಹಿಂದಿನ ಓಣಿಯಲ್ಲಿ ಒಂದು ಸೈಕಲ್ ನಿಂತಲ್ಲೇ ಓಡುತ್ತಿದೆ. ಪೆಡಲ್ ತುಳಿದಂತೆ ಬೆಲ್ಟು ಸಾಣೆಕಲ್ಲನ್ನು ತಿರುಗಿಸುತ್ತದೆ, ಕಲ್ಲಿಗೆ ತಾಗಿದ ಚಾಕುವಿನಿಂದ ಕಿಡಿ ಹಾರುತ್ತದೆ. ಎದುರಿನ ಹಿಂಬಾಗಿಲು ಅರ್ಧ ತೆರೆಯುತ್ತದೆ. ಒಂದು ಕೈ ಹೊರಬಂದು, ಎರಡು ಚಾಕುಗಳನ್ನು ಹೊಸ್ತಿಲ ಮೇಲಿಟ್ಟು ಮಾಯವಾಗುತ್ತದೆ. ಚಿಲಕ ಬೀಳುತ್ತದೆ.

"ಹೋದ ವಾರದವರೆಗೂ ಒಳಗೇ ಕರೀತಿದ್ರು. ಈಗ ಚಿಲಕದ ಸದ್ದು ಕೇಳಿಸ್ತಲ್ಲ, ಅದು ನನಗೆ," ಎನ್ನುತ್ತಾರೆ ಸಾಣೆಯವರು. ಓಣಿಯಲ್ಲಿ ಅವರನ್ನು ಹಾಗೇ ಕರೆಯುತ್ತಾರೆ.

ಪ್ರವಾಸಿಗರಿಗೆ ಈ ಊರಿನಲ್ಲಿ ಎಲ್ಲಿ ಉಣ್ಣುವುದು ಎಂಬುದೇ ಸಂಕಟ. ಪ್ರತಿ ಬಾಗಿಲಲ್ಲೂ ಬಣ್ಣದ ಬೋರ್ಡು, ನಗುತ್ತ ನಿಂತ ಒಬ್ಬ ಕರೆಯುವವನು. ಅಷ್ಟು ನಗುವವರನ್ನು ನಂಬುವುದು ಹೇಗೆ? ಎಲ್ಲ ಅಡುಗೆಮನೆಗಳ ಒಳಗನ್ನೂ ಕಂಡವರು ಸಾಣೆಯವರೊಬ್ಬರೇ. ನಾನು ಕೇಳಿದರೂ ಆಕಾಶ ನೋಡುತ್ತಾರೆ.

"ಕಂಡಿದ್ದನ್ನೆಲ್ಲ ಆಡಿದ್ರೆ ನಾಳೆ ಯಾವ ಬಾಗಿಲೂ ತೆರೆಯಲ್ಲ. ನಮ್ಮ ಕಸುಬಲ್ಲಿ ಚಾಕು ಹರಿತ ಇರಬೇಕು, ನಾಲಿಗೆ ಮೊಂಡಾಗಿರಬೇಕು."

ಇಷ್ಟು ವರ್ಷ ಅವರು ಇಲ್ಲಿನ ಯಾವ ಮೇಜಿಗೂ ಕೂತವರಲ್ಲ. ಹೋದ ವಾರ ಕೂತರು. ಮಂಡಿ ಸವೆದು ಮನೆ ಹಿಡಿದಿದ್ದ ಹೆಂಡತಿ, "ಒಂದ್ಸಲ ನಾನು ಕೂತ್ಕೋತೀನಿ, ಬೇರೆ ಯಾರಾದ್ರೂ ಬಡಿಸ್ಲಿ" ಎಂದಿದ್ದರಂತೆ. ಸಾಲಿನ ಕೊನೆಯ ಹೋಟೆಲಿಗೆ ಕರೆದೊಯ್ದರು. ಮುಂಬಾಗಿಲಿಂದ. ಕಿಟಕಿ ಪಕ್ಕದ ಮೇಜು. ಇಡೀ ಬೀದಿ ನೋಡಿತು.

ಮರುದಿನದಿಂದ ಚಿಲಕ. ಉಳಿದ ಹೋಟೆಲಿನವರಿಗೆ ಒಂದೇ ಯೋಚನೆ: ಎಲ್ಲವನ್ನೂ ಕಂಡವನು ಆ ಹೋಟೆಲನ್ನೇ ಆರಿಸಿದನೆಂದರೆ, ನಮ್ಮಲ್ಲಿ ಏನು ಕಂಡ? ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗದಿದ್ದರೂ ಎಲ್ಲರೂ ಹೆಗಲು ಮುಟ್ಟಿ ನೋಡಿಕೊಂಡರು. ಆ ಕೊನೆಯ ಹೋಟೆಲಿನವರಿಗೂ ಗುಮಾನಿ: ಯಾರು ಕಳಿಸಿದ್ದರು ಇವನನ್ನು? ಕೆಲವರು ಹೊಸ ಚಾಕು ಕೊಂಡುಬಿಟ್ಟರು. ಈಗ ಕಲ್ಲು ತಿರುಗುವುದಕ್ಕಿಂತ ಸುಮ್ಮನಿರುವುದೇ ಹೆಚ್ಚು.

"ನಿಜ ಹೇಳಿ, ಅಲ್ಲಿಗೇ ಯಾಕೆ ಹೋದ್ರಿ?" ಎಂದು ಕೇಳುತ್ತೇನೆ. ನನಗೂ ಅನುಮಾನವೇ.

"ಅಲ್ಲಿ ಮೆಟ್ಟಿಲಿಲ್ಲ. ಅವಳಿಗೆ ಹತ್ತೋಕಾಗಲ್ಲ. ಅಷ್ಟೇ. ಹೇಳಿದ್ರೆ ಯಾರೂ ನಂಬಲ್ಲ."

ಚಿಲಕ ಸರಿಯುತ್ತದೆ. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡ ಅಡುಗೆಯವರು ಹೊರಬರುತ್ತಾರೆ. "ಸುಳ್ಳಾದ್ರೂ ನಂಬೋ ಹಾಗೆ ಹೇಳಣ್ಣ. ನಮ್ಮಲ್ಲಿ ಎಲ್ಲಿದೆ ಮೆಟ್ಟಿಲು?"

"ಮುಂದ್ಗಡೆ ಹೋಗಿ ನೋಡು."

ಅಡುಗೆಯವರು ಕೈ ಒರೆಸಿಕೊಂಡು, ಓಣಿ ಸುತ್ತಿ ಹೋಗುತ್ತಾರೆ. ತಾವೇ ಬೇಯಿಸುವ ಹೋಟೆಲಿನ ಮುಂಬಾಗಿಲನ್ನು ನೋಡಿ ಎಷ್ಟು ಕಾಲವಾಗಿತ್ತೋ. ತಿರುಗಿ ಬಂದಾಗ ದನಿ ಇಳಿದಿದೆ.

"ಇದೆ. ಪಕ್ಕದವ್ರಲ್ಲೂ ಇದೆ."

ಆದರೂ ಸಾಣೆಯವರ ಮುಖವನ್ನೇ ದಿಟ್ಟಿಸುತ್ತಾರೆ, ಅಲ್ಲಿ ಇನ್ನೇನೋ ಬಚ್ಚಿಟ್ಟಿದೆಯೇನೋ ಎಂಬಂತೆ. ಏನೂ ಸಿಗದೆ ಒಳಗೆ ಹೋಗಿ ದೊಡ್ಡ ಚಾಕು ತರುತ್ತಾರೆ. ಈ ಸಲ ಹೊಸ್ತಿಲ ಮೇಲಿಡುವುದಿಲ್ಲ, ಕೈಗೇ ಕೊಡುತ್ತಾರೆ.

"ಅತ್ತಿಗೇನ ಕರ್ಕೊಂಡ್ ಬಾ ಅಣ್ಣ. ಹಿಂದ್ಗಡೆಯಿಂದ ಬಂದ್ರೆ ಮೆಟ್ಟಿಲೇ ಇಲ್ಲ."

ಸಾಣೆಯವರು ಪೆಡಲ್ ತುಳಿಯುತ್ತಾರೆ. ಕಿಡಿ ಹಾರುತ್ತದೆ.

"ಹಿಂಬಾಗಿಲು ನನಗೂ ನಿನಗೂ ಇರಲಿ. ಮುಂದ್ಗಡೆ ಮೆಟ್ಟಿಲ ಮೇಲೆ ಒಂದು ಹಲಗೆ ಹಾಕ್ಸು. ಅವಳು ಅಲ್ಲಿಂದಾನೇ ಬರ್ತಾಳೆ."