ಎಡೆಗೆ ಇಟ್ಟ ಮೆಣಸಿನಕಾಯಿ ಬಜ್ಜಿ

ಆ ಸೋಮವಾರ ಸಿಂಗಸಂದ್ರದ ಬಸ್‌ಸ್ಟಾಪಿನಲ್ಲಿ ನನ್ನ ಗಂಡ ಇಡೀ ಒಂದು ಮೆಣಸಿನಕಾಯಿ ಬಜ್ಜಿ ತಿಂದು, ಹೊಟ್ಟೆ ಮುಟ್ಟಿಯೂ ನೋಡಿಕೊಳ್ಳದೆ ಸೆಕೆಂಡ್ ಶಿಫ್ಟಿನ ಕಂಪನಿ ಬಸ್ ಹತ್ತಿದರು. ಕಿಟಕಿಯಿಂದ ಚುನಾವಣೆ ಗೆದ್ದವರಂತೆ ಕೈ ಬೀಸಿದರು.

ಅವರಿಗೆ ಐಬಿಎಸ್ ಇತ್ತು. ಕರುಳಿನಲ್ಲಿ ದೋಷವಿಲ್ಲ, ಆತಂಕವಾದರೆ ಹೊಟ್ಟೆ ಕೆಡುತ್ತಿತ್ತು. ಡಾಕ್ಟರು ಹೇಳಿದ್ದರಿಂದ ಮೂರು ತಿಂಗಳು ಮೊಬೈಲಿನ ಆ್ಯಪಿನಲ್ಲೇ ಮನಸ್ಸಿನ ಚಿಕಿತ್ಸೆ ನಡೆದಿತ್ತು. ಹೆದರಿ ಬಿಟ್ಟಿದ್ದ ಇಷ್ಟದ ತಿಂಡಿಯನ್ನು ಸ್ವಲ್ಪಸ್ವಲ್ಪವೇ ತಿಂದು ಬಸ್ ಹತ್ತುವುದು ಅದರ ಹೋಂವರ್ಕ್. ಮೊದಲು ಬಜ್ಜಿಯ ತುದಿ, ಆಮೇಲೆ ಅರ್ಧ.

ಮರುದಿನ ಕೆಲಸದಲ್ಲಿದ್ದಾಗಲೇ ಹೃದಯಾಘಾತವಾಯಿತು. ನಾವು ಹೊಟ್ಟೆಯನ್ನು ಕಾಯುತ್ತಾ ಕೂತಿದ್ದೆವು, ಎದೆ ಕೈಕೊಟ್ಟಿತು.

ಹೋದವರಿಗೆ ಇಷ್ಟವಾದದ್ದನ್ನು ಹನ್ನೊಂದನೇ ದಿನ ಎಡೆ ಇಡುವುದು ನಮ್ಮ ಪದ್ಧತಿ. ಅತ್ತೆ ಬರೀ ಮೊಸರನ್ನ ಬಡಿಸಿದ್ದರು. ನಾನು ಬಜ್ಜಿ ತಂದಿಟ್ಟೆ.

"ಅವನ್ ಹೊಟ್ಟೆಗೆ ಆಗಲ್ಲ ಕಣಮ್ಮಾ, ತೆಗಿ ಅದನ್ನ!"

"ಸತ್ತ ಮೇಲೂ ಪಥ್ಯನಾ ಅತ್ತೆ? ಇಡೀ ಬಜ್ಜಿ ತಿಂದು ಬಸ್ ಹತ್ತಿದ್ರು ನಿಮ್ಮ ಮಗ."

ಅತ್ತೆ ನಂಬಲಿಲ್ಲ. ನನ್ನ ಗಂಡನ ಮೊಬೈಲ್ ತೆರೆದು, ಸೋಮವಾರ ಆ್ಯಪಿನಲ್ಲಿ ಅವರೇ ಬರೆದಿದ್ದನ್ನು ಎಲ್ಲರ ಮುಂದೆ ಓದಿದೆ: "ಒಂದು ಬಜ್ಜಿ, ಪೂರ್ತಿ. ಭಯ ಸೊನ್ನೆ. ಹೆಂಡತಿ ಸಾಕ್ಷಿ." ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ನಗುತ್ತಲೋ ಅಳುತ್ತಲೋ, ಎಡೆಗೆ ಇನ್ನೊಂದು ಬಜ್ಜಿ ಇಟ್ಟರು.

ಮನೆಯಲ್ಲಿರುವ ಒಂದೇ ಶೌಚಾಲಯಕ್ಕಾಗಿ ನಾನೂ ಅವರೂ ಎಂಟು ವರ್ಷ ದಿನಾ ಬೆಳಿಗ್ಗೆ ಜಗಳವಾಡಿದ್ದೇವೆ. ಈಗ ಅದು ಯಾವಾಗಲೂ ಖಾಲಿ. ಬಾಗಿಲು ಬಡಿದರೆ "ಎರಡೇ ನಿಮಿಷ ಕಣೇ" ಅನ್ನುವವರು ಒಳಗಿಲ್ಲ.