ಗೋಡೆಯಾಚೆಯ ನಾಲ್ಕು ಚೆಂಡು

ಮನೆಯೊಳಗೆ ಇಟ್ಟುಕೊಳ್ಳಲು ನಾಚಿಕೆಯಾಗುವ, ಎಸೆಯಲು ಮನಸ್ಸೂ ಬಾರದ ಸಮಸ್ತ ವಸ್ತುಗಳ ವಿಶ್ರಾಂತಿಧಾಮಕ್ಕೇ ಹಿತ್ತಲು ಎನ್ನುತ್ತಾರೆಂದು ನಾನು ಸಿರುಗುಪ್ಪದ ತವರಿನಲ್ಲಿ ತಿಳಿದಿದ್ದೆ. ಕಾಲಿಲ್ಲದ ಕುರ್ಚಿ, ಸೋರುವ ಕೊಡ, ನಡುವೆ ಒಂದು ಕರಿಬೇವಿನ ಗಿಡ ಇದ್ದರೆ ಅದು ಲಕ್ಷಣವಾದ ಹಿತ್ತಲು. ಅರವತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಬಳ್ಳಾರಿಯ ಸತ್ಯನಾರಾಯಣಪೇಟೆಗೆ ಬಂದ ಮೇಲೆ, ಹಿತ್ತಲಲ್ಲಿ ಆಟದ ಅಂಕಣವನ್ನೂ ಕಟ್ಟಬಹುದು, ಕಟ್ಟುವವರು ಸಾಕ್ಷಾತ್ ಮಾವನೇ ಆಗಿರಬಹುದು ಎಂಬ ಜ್ಞಾನೋದಯವಾಯಿತು.

ಆಟದ ಹೆಸರು ಬೋಚೆ. ನಗಬೇಡಿ, ನಿಮ್ಮ ಪಾಲಿನದನ್ನೂ ಸೇರಿಸಿ ನಾನು ಆಗಲೇ ನಕ್ಕು, ಅತ್ತೆಯವರ ಕೆಂಗಣ್ಣಿಗೆ ಗುರಿಯಾಗಿದ್ದೇನೆ. ಎರಡನೇ ಮಹಾಯುದ್ಧದ ಕಾಲಕ್ಕೆ ಬಳ್ಳಾರಿಯಲ್ಲಿ ಇಟಲಿಯ ಕೈದಿಗಳನ್ನು ಇಟ್ಟಿದ್ದರಲ್ಲ, ಅವರ ಶಿಬಿರಕ್ಕೆ ನಮ್ಮ ಮನೆಯಿಂದ ಹಾಲು ಹೋಗುತ್ತಿತ್ತಂತೆ. ಒಯ್ಯುತ್ತಿದ್ದವರು ಮಾವ ಮತ್ತು ಅವರ ಅಣ್ಣ, ಅಂದರೆ ನನ್ನ ದೊಡ್ಡಮಾವ. ಊರಿಗೆ ಮರಳುವಾಗ ಕೈದಿಯೊಬ್ಬ ಜಾಲಿಮರದಲ್ಲಿ ತಾನೇ ಕೆತ್ತಿದ ಎಂಟು ಚೆಂಡುಗಳನ್ನೂ ಒಂದು ಪುಟ್ಟ ಗುಂಡನ್ನೂ ಇವರಿಗೆ ಕೊಟ್ಟುಹೋದ. ಗುಂಡನ್ನು ಮುಂದೆ ಎಸೆಯುವುದು, ಚೆಂಡುಗಳನ್ನು ಅದರ ಸಮೀಪಕ್ಕೆ ಉರುಳಿಸುವುದು, ಯಾರ ಚೆಂಡು ಹತ್ತಿರವೋ ಅವರು ಗೆದ್ದಂತೆ. ಆಟ ಇಷ್ಟೇ.

ಆದರೆ ನಾನು ಕಾಲಿಡುವ ಹೊತ್ತಿಗೆ ಅಣ್ಣತಮ್ಮಂದಿರು ಪಾಲಾಗಿ, ಹಿತ್ತಲ ನಡುವೆ ಗೋಡೆ ಎದ್ದು, ಮಾತು ನಿಂತು ವರ್ಷಗಳೇ ಆಗಿದ್ದವು. ಕಾರಣ ಕೇಳಿದರೆ ಅತ್ತೆ ನುಗ್ಗೆಮರ ಎನ್ನುತ್ತಿದ್ದರು, ನನ್ನ ಗಂಡ ಎಮ್ಮೆ ಎನ್ನುತ್ತಿದ್ದರು. ಪಾಲು ಮಾಡಿದ ಹಿರಿಯರು ನ್ಯಾಯನಿಷ್ಠುರರಾಗಿ ಚೆಂಡುಗಳನ್ನೂ ನಾಲ್ಕು ನಾಲ್ಕು ಹಂಚಿದರು. ಪುಟ್ಟ ಗುಂಡನ್ನು ಸೀಳಲು ಬಾರದೆ ಇಬ್ಬರ ತಾಯಿಗೆ, ಅಂದರೆ ನಮ್ಮ ಅಜ್ಜಿಗೆ ಕೊಟ್ಟರು. ಅಜ್ಜಿ ಒಂದು ತಿಂಗಳು ಆ ಕಡೆ, ಒಂದು ತಿಂಗಳು ಈ ಕಡೆ ಉಣ್ಣುತ್ತ, ಗುಂಡನ್ನು ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಮಕ್ಕಳಿಬ್ಬರೂ ಮಾತಾಡುವುದನ್ನು ಕೇಳದೆ ಸಾಯುವುದಿಲ್ಲ ಎಂಬುದು ಅವರ ಹಟ; ವಯಸ್ಸು ಎಂಬತ್ತು ದಾಟಿದ್ದರಿಂದ ಆ ಹಟಕ್ಕೆ ಕೊಂಚ ಅವಸರವೂ ಇತ್ತು.

ನಾನು ಬಂದ ವರ್ಷವೇ ನಿವೃತ್ತರಾದ ಮಾವನಿಗೆ ಹೊತ್ತು ಹೋಗದೆ ಬೋಚೆಯ ಹುಚ್ಚು ಮರಳಿತು. ನಮ್ಮದು ಎರೆಮಣ್ಣು, ಬೇಸಗೆಯಲ್ಲಿ ಬಿಟ್ಟ ಬಿರುಕಿನೊಳಗೆ ಚೆಂಡೇನು, ಚೆಂಬೇ ಮಾಯವಾಗುತ್ತಿತ್ತು. ಅದಕ್ಕೆ ಕುರುಗೋಡಿನ ಕಡೆಯಿಂದ ಕೆಂಪು ಗರಸುಮಣ್ಣು ತರಿಸಿ ಹಾಸಿದರು, ಸುಣ್ಣ ಬೆರೆಸಿ ಬಡಿದು ಗಟ್ಟಿ ಮಾಡಿಸಿದರು, ಸಗಣಿ ಸಾರಿಸುವ ಗೌರವವನ್ನು ಹೊಸ ಸೊಸೆಗೆ ದಯಪಾಲಿಸಿದರು. ಅಷ್ಟು ನಯವಾದ ನೆಲ ಕಂಡು ಅತ್ತೆ ಮೊದಲು ಅದರ ಮೇಲೆ ಚಾಪೆ ಹಾಸಿ ಸಂಡಿಗೆ ಹಾಕಿದರು. ಕ್ರೀಡೆ ಮುಂದಕ್ಕೆ ಹೋಯಿತು. ಇಷ್ಟೆಲ್ಲ ಆದ ಮೇಲೆ ನೋಡಿದರೆ, ಅಂಕಣ ಬೇಕಾದ ಉದ್ದದ ಅರ್ಧಕ್ಕೇ ಗೋಡೆಗೆ ಹಣೆ ಹಚ್ಚಿ ನಿಂತಿತ್ತು.

"ಇಷ್ಟ ಸಾಕಲ್ರಿ ಮಾವಾ" ಎಂದೆ.

"ಅರ್ಧ ಅಂಗಳ, ಅರ್ಧ ಚೆಂಡು. ಅರ್ಧ ಮಂದಿ ಕೂಡ ಏನ್ ಆಡ್ತೀಯವ್ವಾ?" ಎಂದು ಮಾವ ಗೋಡೆಯನ್ನೇ ನೋಡುತ್ತ ಕೂತರು. ಆದರೂ ಗರಸು ಕೂರಲೆಂದು ದಿನಾ ನೀರು ಹಾಯಿಸುವುದನ್ನು ಬಿಡಲಿಲ್ಲ.

ನೀರು ಕುಡಿದ ಎರೆಮಣ್ಣು ಉಬ್ಬುತ್ತದೆಂಬುದು ಬಳ್ಳಾರಿಯಲ್ಲಿ ಎಲ್ಲರಿಗೂ ಗೊತ್ತು; ಉತ್ಸಾಹದಲ್ಲಿದ್ದ ಮಾವನಿಗೆ ಮಾತ್ರ ಮರೆತಿತ್ತು. ಸಿಟ್ಟಿನ ಭರದಲ್ಲಿ ಬುನಾದಿಯಿಲ್ಲದೆ ಎಬ್ಬಿಸಿದ ಆ ಮಣ್ಣಿನ ಗೋಡೆ ಒಂದು ಮಧ್ಯಾಹ್ನ ಮೆಲ್ಲಗೆ ವಾಲಿ, ದೊಡ್ಡಮಾವನ ಬದನೆಗಿಡಗಳ ಮೇಲೆ ಸಾಷ್ಟಾಂಗ ಎರಗಿತು.

ದೂಳು ಇಳಿದಾಗ ದೊಡ್ಡಮಾವ ಎಂಜಲು ಕೈಯಲ್ಲೇ ನಿಂತಿದ್ದರು. ಇನ್ನು ಮತ್ತೆ ಪಂಚಾಯ್ತಿ, ಮತ್ತೊಂದು ಗೋಡೆ, ಈ ಸಲ ಕಲ್ಲಿನದೇ ಎಂದುಕೊಂಡೆ. ಅವರು ತಮ್ಮನನ್ನು ನೋಡಲಿಲ್ಲ, ಅಂಕಣವನ್ನು ನೋಡಿದರು.

"ತಂಗೀ, ನಿಮ್ಮ ಮಾವಗ ಹೇಳು. ಮಟ್ಟ ಆ ಮೂಲಿಗೆ ಜಾರೈತಿ."

"ಜಾರಿಲ್ಲಂತ ಹೇಳವ್ವಾ" ಎಂದರು ಪಕ್ಕದಲ್ಲೇ ಇದ್ದ ಮಾವ. ಇಬ್ಬರಿಗೂ ಕೇಳಿಸಿದ್ದನ್ನೇ ನಾನು ಇಬ್ಬರಿಗೂ ಹೇಳಿದೆ.

ಮಟ್ಟ ಎಂದರೇನೆಂದು ತೋರಿಸಿಕೊಡಲೆಂದೇ ದೊಡ್ಡಮಾವ ಗೋಡೆಯ ಮಣ್ಣು ಎತ್ತಿಸಿ, ತಮ್ಮ ಕಡೆಗೂ ಗರಸು ಹಾಸಿಸಿದರು. ತಿಂಗಳೊಪ್ಪತ್ತಿನಲ್ಲಿ ಅಂಕಣ ಪೂರ್ತಿಯಾಯಿತು. ಮಾತು ಮಾತ್ರ ನನ್ನ ಅಂಚೆಯಲ್ಲೇ ಹೋಗಿಬರುತ್ತಿತ್ತು. ಕಡೆಗೊಂದು ಸಂಜೆ ದೊಡ್ಡಮಾವ ತಮ್ಮ ನಾಲ್ಕು ಚೆಂಡುಗಳನ್ನು ಪಂಚೆಯಲ್ಲಿ ಕಟ್ಟಿಕೊಂಡು ಬಂದರು. ಅಜ್ಜಿ ಚೀಲದಿಂದ ಗುಂಡು ತೆಗೆದು, ತಾಂಬೂಲದ ಚೂರು ಒರೆಸಿ, ತಾವೇ ಎಸೆದರು.

ಎಂಟು ಚೆಂಡುಗಳೂ ಉರುಳಿ ನಿಂತವು. ಅವುಗಳಲ್ಲಿ ಎರಡು, ಅಣ್ಣನದೊಂದು ತಮ್ಮನದೊಂದು, ಗುಂಡಿನ ಎಡಬಲಕ್ಕೆ, ಹೆಚ್ಚುಕಡಿಮೆ ಸಮದೂರದಲ್ಲಿ. ಅಣ್ಣನ ಗೇಣು ತಮ್ಮ ಒಪ್ಪ, ತಮ್ಮನ ಗೇಣು ಅಣ್ಣ ಒಪ್ಪ. ಸಿರುಗುಪ್ಪದವಳಾದ ನನ್ನ ನಿಷ್ಪಕ್ಷಪಾತ ಗೇಣೇ ಆಗಬೇಕೆಂದು ತೀರ್ಮಾನವಾಯಿತು. ಸೆರಗು ಸಿಕ್ಕಿಸಿ, ಮೊಣಕಾಲೂರಿ, ಉಸಿರು ಹಿಡಿದು ಅಳೆದೆ. "ಮಾವನವರದು ಒಂದು ಬೆರಳು ಹತ್ರ ಐತ್ರಿ."

ದೊಡ್ಡಮಾವನ ಮುಖ ಗರಸಿಗಿಂತ ಕೆಂಪಾಯಿತು. ನನ್ನ ಕಡೆ ತಿರುಗಿದವರು, ಏನು ತೋಚಿತೋ, ಸರಕ್ಕನೆ ತಮ್ಮನ ಕಡೆ ಹೊರಳಿದರು.

"ಲೇ! ಅಕಿ ಹೇಳೋದು ಬಿಡು, ನೀ ಹೇಳಲೇ! ಕಣ್ಣು ಕುರುಡಾಗ್ಯಾವೇನಲೇ ನಿನಗ?"

ಮಾವ ವರ್ಷಗಳ ಮೇಲೆ ಅಣ್ಣನ ಮುಖಕ್ಕೆ ಮುಖ ಕೊಟ್ಟರು. "ಇಲ್ಲಣ್ಣಾ" ಎಂದರು.

ಕಟ್ಟೆ ಒಡೆದಂತೆ ದೊಡ್ಡಮಾವ ಬೈಯತೊಡಗಿದರು. ಇಷ್ಟು ವರ್ಷದ ಬೈಗುಳ ಒಳಗೆ ಹೇಗೆ ಹಿಡಿಸಿತ್ತೋ. ಮಾವ ಕಣ್ಣೊರೆಸಿಕೊಳ್ಳುತ್ತ, ನಡುನಡುವೆ "ಹೌದಣ್ಣಾ" ಎನ್ನುತ್ತ, ಶಾಲೆಯ ಹುಡುಗನಂತೆ ತಲೆ ತಗ್ಗಿಸಿ ನಿಂತರು. ನನಗೂ ಅಳು ಬಂತು. ಸಮಾಧಾನ ಮಾಡೋಣವೆಂದು ಎದ್ದೆ. ಅಜ್ಜಿ ನನ್ನ ಸೆರಗು ಹಿಡಿದು ಜಗ್ಗಿ ಕೂರಿಸಿದರು.

"ಸುಮ್ನ ಕೂಡ್ರವ್ವಾ. ಬೈಲಿ ಬಿಡು. ಇದನ್ನ ಕೇಳಾಕಂತನ ಬದುಕೀನಿ."