ಹಲಬರ್ಗಾದ ಒಂದನೇ ನಂಬರಿನ ಸದಸ್ಯ

ನನಗೆ ಸಿಟ್ಟು ಮೂಗಿನ ಮೇಲೆಯೇ ಇರುತ್ತದೆ. ಬೀದರದ ಕಾಲೇಜೊಂದರಲ್ಲಿ ಸಾಫ್ಟ್‌ವೇರ್ ಬರೆಯುವವರ ಸಮ್ಮೇಳನವಿದೆ, ಅದೂ ಭಾನುವಾರ ಬೆಳಿಗ್ಗೆ, ಎಂದು ನನ್ನ ಕೆಲಸದ ಜೊತೆಗಾರ ಹೇಳಿದಾಗ ಅವನ ಮೇಲೆ ಹರಿಹಾಯ್ದೆ. ಭಾನುವಾರ ಬೆಳಿಗ್ಗೆ ನಾನು ಚರ್ಚಿನಲ್ಲಿ ಹಾಡಬೇಕು. ನಾನಿಲ್ಲದಿದ್ದರೆ ಕೊನೆಯ ಚರಣ ನೆಲಕಚ್ಚುತ್ತದೆ ಎಂಬ ಜಂಬ ನನಗಿದೆ. ಉಳಿದವರಿಗೆ ಹಾಗೇನೂ ಅನ್ನಿಸುವುದಿಲ್ಲ, ಅದು ಬೇರೆ ಮಾತು.

ಜೊತೆಗಾರ ಔರಾದದವನು. ನಾನು ಭಾಲ್ಕಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಾಗ ಹಿಂದಿನ ಬೆಂಚಿನಲ್ಲಿ ಕೂತು ಶೇಂಗಾ ತಿನ್ನುತ್ತಿದ್ದವನು, ಈಗ ಮಕ್ಕಳೊಂದಿಗ. ಮನೆಯಲ್ಲಿ ದಖ್ಖನಿ, ಗಿರಾಕಿಗಳ ಜೊತೆ ಕನ್ನಡ, ಊರ ಸಂತೆಯಲ್ಲಿ ಮರಾಠಿ, ತಲೆಕೆಟ್ಟರೆ ಮೂರೂ ಒಟ್ಟಿಗೆ. ನನ್ನನ್ನು ಆಪಾ, ಅಂದರೆ ಅಕ್ಕ, ಅನ್ನುತ್ತಾನೆ. ಬೀದರದಲ್ಲಿ ಚಹಾದಂಗಡಿಯ ಮೇಲಿನ ಕೋಣೆಯಲ್ಲಿ ಕೂತು ನಾವಿಬ್ಬರೂ ಸಣ್ಣ ವ್ಯಾಪಾರದವರಿಗೆ ಡೇಟಾಬೇಸ್ ಪ್ರೋಗ್ರಾಂ ಮಾಡಿಕೊಡುತ್ತೇವೆ. ಬೀಜದ ಅಂಗಡಿ, ಔಷಧದ ಅಂಗಡಿ, ಹಾಲಿನ ಕೇಂದ್ರ. ಯಾರು ಬಂದರು, ಏನು ತಂದರು, ಏನು ಒಯ್ದರು ಎಂಬುದನ್ನು ಕಂಪ್ಯೂಟರ್ ನೆನಪಿಟ್ಟುಕೊಳ್ಳಬೇಕು, ಅಷ್ಟೇ ಕೆಲಸ. ಹೇಳಲಿಕ್ಕೆ ಸುಲಭ.

ಈ ಕೆಲಸದಲ್ಲಿ ನಮ್ಮ ಕಡೆ ಒಂದು ಪದ್ಧತಿ ಬೆಳೆದಿದೆ. ಹೊಸ ಪ್ರೋಗ್ರಾಂ ಶುರುವಾಗುವಾಗ ಮೊದಲ ಸಾಲನ್ನು ಯಾರೂ ಮನುಷ್ಯರಿಗೆ ಕೊಡುವುದಿಲ್ಲ. ಬೀಜದ ಅಂಗಡಿಯವರಿಗೆ ಮೊದಲ ಗಿರಾಕಿ ವೀರಭದ್ರ ದೇವರು. ಜೊತೆಗಾರನ ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ಲುಗಳು ಶುರುವಾಗುವುದೇ ಬಿಸ್ಮಿಲ್ಲಾದ 786ರಿಂದ. ನಾನು ಮೆಥಡಿಸ್ಟ್ ಮನೆಯವಳು, ಆದರೆ ಈ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ಗಿರಾಕಿ ಸಮಾಧಾನವಾಗಿ ಕುರ್ಚಿಯಲ್ಲಿ ಕೂತರೆ ನನಗೂ ಸಮಾಧಾನ.

ಹಲಬರ್ಗಾದ ಹಾಲಿನ ಕೇಂದ್ರದಲ್ಲಿ ಈ ಪದ್ಧತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಕೇಂದ್ರ ಶುರು ಮಾಡಿದ ಹಿರಿಯ ಹೆಂಗಸು ಮೊದಲ ಸದಸ್ಯನಾಗಿ ಊರ ಈಶ್ವರನ ಹೆಸರು ಹೇಳಿದಳು. ನಾನು ಟೈಪ್ ಮಾಡಿದೆ, ಎಂಟರ್ ಒತ್ತಿದ್ದು ಮಾತ್ರ ಆಕೆಯ ಬೆರಳು. ದಿನಾ ಮುಂಜಾನೆ ಆಕೆಯ ಮನೆಯ ಎಮ್ಮೆಯ ಒಂದು ಅಳತೆ ಹಾಲು ದೇವರ ಹೆಸರಿಗೆ ಬಿದ್ದು ಗುಡಿಗೆ ಹೋಗುತ್ತಿತ್ತು, ಆಮೇಲೆ ಉಳಿದವರ ಹಾಲು. "ದೇವರ ಹಾಲು ಬೀಳೂ ತನಕ ನಿಮ್ಮ ಮಷಿನ್ ಬ್ಯಾರೆಯವರಿಗೆ ಬಾಗಲಾ ತೆಗೀಬಾರದ್ರಿ" ಎಂದು ಆಕೆ ತಾಕೀತು ಮಾಡಿದ್ದಳು. ನಾನು ಹಾಗೆಯೇ ಕಟ್ಟಿಕೊಟ್ಟೆ. ಒಂದನೇ ನಂಬರಿನ ಹಾಲು ಬರದೆ ಎರಡನೆಯವರ ಹೆಸರು ಪರದೆಯ ಮೇಲೆ ಬರುತ್ತಲೇ ಇರಲಿಲ್ಲ.

ಆಕೆ ತೀರಿಕೊಂಡ ಮೇಲೆ ಸೊಸೆ ಕೇಂದ್ರ ನಡೆಸುತ್ತಿದ್ದಳು. ಹಳೆಯ ಕಂಪ್ಯೂಟರ್ ದಿನಕ್ಕೊಮ್ಮೆ ಕಣ್ಣು ಮುಚ್ಚುತ್ತಿತ್ತು. ನಮ್ಮ ಹಳೆಯ ಪ್ರೋಗ್ರಾಂ ಹೊಸ ಕಂಪ್ಯೂಟರಿನಲ್ಲಿ ನಡೆಯುವಂಥದ್ದಲ್ಲ. ಜೊತೆಗಾರ ತಿಂಗಳುಗಟ್ಟಲೆ ಕೂತು ಎಲ್ಲವನ್ನೂ ಹೊಸ ಸಾಧನದಲ್ಲಿ ಮತ್ತೆ ಕಟ್ಟಿದ್ದ. ಇದರಲ್ಲಿ ಹಾಲು ಹಾಕಿದ ಕೂಡಲೇ ಹಾಕಿದವರ ಫೋನಿಗೆ ಮೆಸೇಜ್ ಹೋಗುತ್ತದೆ. ಆದರೆ ಊರ ಹಿರಿಯರೊಬ್ಬರು ಸೊಸೆಗೆ ಕಡ್ಡಿ ಮುರಿದಂತೆ ಹೇಳಿದ್ದರು: ಅತ್ತೆ ಮಾಡಿಟ್ಟ ಏರ್ಪಾಟು ಕೆಟ್ಟರೆ ಕೇಂದ್ರ ಬೇರೆಯವರ ಕೈಗೆ. ಸೋಮವಾರ ಮುಂಜಾನೆ ಹೊಸದು ಶುರುವಾಗಬೇಕಿತ್ತು. ಅದಕ್ಕೂ ಮೊದಲು ಕಣ್ಣಾರೆ ನೋಡುತ್ತೇನೆ ಎಂದು ಆಕೆ ಭಾನುವಾರ ಬಸ್ ಹತ್ತಿ ಬೀದರಕ್ಕೆ ಬಂದಳು. ನಮ್ಮವನು ಸಮ್ಮೇಳನದಲ್ಲಿ ತೋರಿಸುವುದಿದ್ದದ್ದೂ ಅದನ್ನೇ.

ಹಾಗಾಗಿ ಆ ಭಾನುವಾರ ಚರ್ಚು ನನ್ನ ದನಿ ಇಲ್ಲದೆ ಹಾಡಿಕೊಂಡಿತು. ನಾನು ಮುಖ ಗಂಟು ಹಾಕಿಕೊಂಡು ಕಾಲೇಜಿನ ಹಾಲ್‌ನಲ್ಲಿ ಆಕೆಯ ಪಕ್ಕ ಕೂತೆ. ಹೈದರಾಬಾದಿನಿಂದ ಬಂದವರೊಬ್ಬರು ಮೌಸ್ ಹಿಡಿದು ಚೌಕಗಳನ್ನು ಎಳೆದೆಳೆದು ಪರದೆಯ ಮೇಲಿಟ್ಟು, ನಾನು ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ಇಡೀ ಅಂಗಡಿಯ ಆಪ್ ಮಾಡಿಬಿಟ್ಟರು. ಹಿಂದೆ ಇದೇ ಕೆಲಸಕ್ಕೆ ನಾನು ವಾರಗಟ್ಟಲೆ ಕಣ್ಣು ಕೆಂಪು ಮಾಡಿಕೊಂಡಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು. ಸ್ವಲ್ಪ ಹೊತ್ತಿಗೆ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಇನ್ನೊಬ್ಬರು ವರದಿಗಳನ್ನು ಛಾಪಿಸುವ ಬಗ್ಗೆ ಮಾತಾಡುವಾಗ ವಿದ್ಯಾರ್ಥಿಗಳು ತೂಕಡಿಸಿದರು. ಹಲಬರ್ಗಾದವಳು ಮಾತ್ರ ಸೆರಗು ಹೊದ್ದುಕೊಂಡು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಮತ್ತೆ ಹೈದರಾಬಾದಿನವರೇ ಎದ್ದು, ಹಳೆಯ ಮಾಹಿತಿಯನ್ನು ಹೊಸದಕ್ಕೆ ತರುವಾಗ ಕಸ ಗುಡಿಸಬೇಕು ಎಂದರು. ಒಂದು ಗುಂಡಿ ಒತ್ತಿದರೆ ಸಾಕು, ಅರ್ಧಂಬರ್ಧ ಇರುವ ಸಾಲುಗಳು ತಾವೇ ಹೊರಗೆ ಬೀಳುತ್ತವೆ. ನಮ್ಮವನ ಕಣ್ಣು ಅರಳಿದ್ದನ್ನು ನಾನು ಕಂಡೆ. ಮುಂದಿನ ಸರದಿ ಅವನದು. ಕಿವಿಯಲ್ಲಿ ಹೇಳಿದೆ, ಈಗ ಕಲಿತದ್ದನ್ನು ಈಗಲೇ ಮಾಡಿ ತೋರಿಸಲು ಹೋಗಬೇಡ, ಮಾರಾಯ. ಕೇಳಿದರೆ ತಾನೆ.

ಅವನು ಹಲಬರ್ಗಾದ ಮಾಹಿತಿಯ ನಕಲನ್ನು ತೆರೆದ. ಗುಡಿಸುವ ಗುಂಡಿ ಒತ್ತಿದ. ಎಲ್ಲ ಚೊಕ್ಕವಾಗಿದೆ ಎಂದು ಪರದೆ ಹೇಳಿತು, ಜನ ತಲೆದೂಗಿದರು. ಆಮೇಲೆ ಹಾಲು ಹಾಕುವ ಪುಟ ತೆರೆದ. ಅದು ತೆರೆಯಲಿಲ್ಲ. ಮೊದಲ ಸದಸ್ಯ ಸಿಗುತ್ತಿಲ್ಲ ಎಂದು ಕೆಂಪಕ್ಷರ ಬಂತು. ಇನ್ನೊಮ್ಮೆ ಒತ್ತಿದ, ಅದೇ ಕೆಂಪಕ್ಷರ. ನನಗೆ ಆಗಲೇ ಹೊಳೆಯಿತು. ಹೊಸ ಪ್ರೋಗ್ರಾಂ ಪ್ರಕಾರ ಪ್ರತಿ ಸದಸ್ಯರಿಗೂ ಒಂದು ಫೋನ್ ನಂಬರ್ ಇರಬೇಕು, ಒಬ್ಬರದು ಇನ್ನೊಬ್ಬರಿಗೆ ಇರಬಾರದು. ಈಶ್ವರನಿಗೆ ಫೋನ್ ಎಲ್ಲಿಯದು? ಗುಡಿಸುವ ಗುಂಡಿ ದೇವರನ್ನು ಕಸದ ಜೊತೆ ಹೊರಗೆ ಹಾಕಿತ್ತು.

ಹೈದರಾಬಾದಿನವರು ಕೂತಲ್ಲಿಂದಲೇ ಸಮಾಧಾನ ಹೇಳಿದರು, ಅದು ಯಾರೋ ಪರೀಕ್ಷೆಗೆ ಬರೆದ ಸುಳ್ಳು ಹೆಸರಿರಬೇಕು, ಹೋದರೆ ಹೋಗಲಿ ಎಂದು. ಹಾಲ್‌ನಲ್ಲಿ ನಗೆ ಎದ್ದಿತು. ನನ್ನ ಪಕ್ಕದವಳು ಎದ್ದು, ಚೀಲ ಬಗಲಿಗೆ ಹಾಕಿಕೊಂಡು ಹೊರಗೆ ನಡೆದಳು.

ನಾನು ಹಿಂದೆಯೇ ಓಡಿದೆ. ಆಟೋ ಹುಡುಕುತ್ತ ಗೇಟಿನ ಹತ್ತಿರ ನಿಂತಿದ್ದಳು. ಸಿಟ್ಟಾಗಿದ್ದರೆ ನನಗೆ ಸುಲಭವಿತ್ತು, ಸಿಟ್ಟಿನವರ ಜೊತೆ ಏಗುವುದು ನನಗೆ ಗೊತ್ತು. ಆಕೆ ಅಳುತ್ತಿದ್ದಳು.

"ನಾಳಿ ಹೀಂಗೇ ಆದರ ಡಬ್ಬಿ ಹಿಡಿದು ನಿಂತವರಿಗೆ ನಾ ಏನು ಹೇಳಲ್ರಿ, ಅಕ್ಕೋರ? ಅತ್ತಿ ಹೋದಮ್ಯಾಲ ನನ್ನ ಕಡಿ ಉಳದದ್ದು ಇದೊಂದೇ ನೋಡ್ರಿ."

ಅದು ನಕಲು ಮಾತ್ರ, ಅಸಲಿನಲ್ಲಿ ಏನೂ ಅಳಿದಿಲ್ಲ ಎಂದು ನಾನು ಹೇಳಿದೆ. ಹೇಳುತ್ತಿರುವಾಗಲೇ ಅದು ಆಕೆಯ ಪ್ರಶ್ನೆಗೆ ಉತ್ತರವಲ್ಲ ಎಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಜೊತೆಗಾರ ಬೆವರು ಒರೆಸಿಕೊಳ್ಳುತ್ತ ಬಂದ. ಎಲ್ಲರೂ ಚಹಾಕ್ಕೆ ಎದ್ದಿದ್ದರು. ಅವನ ಕಿವಿ ಹಿಂಡಬೇಕೆಂದುಕೊಂಡಿದ್ದೆ, ಮುಖ ನೋಡಿ ಬಿಟ್ಟೆ. ಅವನು ಆಕೆಗೆ ಬಿಡಿಸಿ ಹೇಳಿದ. ತಾನು ಅವಸರ ಮಾಡಿದೆ. ಒಂದು ಟಿಕ್ ತೆಗೆದರೆ ಸಾಕು, ದೇವರೊಬ್ಬನಿಗೆ ಫೋನ್ ನಂಬರಿನ ಕಟ್ಟಳೆ ಇರುವುದಿಲ್ಲ, ಖಾಲಿ ಬಿಡಬಹುದು.

ಒಂದು ಆಟೋ ಬಂತು, ಆಕೆ ಹತ್ತಲಿಲ್ಲ. ಆಮೇಲೆ ತನ್ನ ನಂಬರ್ ಹಾಕಬಹುದೇ ಎಂದು ಕೇಳಿದಳು. ಆಕೆಯ ನಂಬರ್ ಆಕೆಯ ಸ್ವಂತ ಹೆಸರಿನ ಮುಂದೆ ಇದೆ, ಎರಡು ಸಲ ಬರುವ ಹಾಗಿಲ್ಲ ಎಂದ ಇವನು. ಖಾಲಿಯೇ ಬಿಡೋಣ ಎಂದೆ ನಾನು.

"ಬ್ಯಾಡ್ರಿ. ಊರಮಂದಿಗೆಲ್ಲ ಮೆಸೇಜ್ ಬರ್ತದ, ಮೊದಲ ಹಾಲಿಗೇ ಬರಲಿಲ್ಲಂದ್ರ ಹ್ಯಾಂಗ್ರಿ? ನಮ್ಮ ಅತ್ತಿ ನಂಬರ್ ಹಾಕ್ರಿ. ಇನ್ನೂ ಚಾಲೂ ಇಟ್ಟೀನಿ."

ಎಂದವಳೇ ನಂಬರನ್ನು ಗಡಬಡಿಸದೆ ಬಾಯಲ್ಲೇ ಹೇಳಿದಳು. ನಮ್ಮವನು ಅಂಗೈ ಮೇಲೆ ಬರೆದುಕೊಂಡ. ಮೊದಲು ಚಹಾ ಕುಡೀರಿ ಎಂದು ಇಬ್ಬರನ್ನೂ ಗದರಿಸಿ ಒಳಗೆ ಕರೆದುಕೊಂಡು ಹೋದೆ.

ಚಹಾದ ಹೊತ್ತಿಗೆ ಹೈದರಾಬಾದಿನವರೂ ವಿಷಯ ಕೇಳಿ ಆಕೆಯ ಹತ್ತಿರ ಬಂದು ಕೈಮುಗಿದು ಮಾತಾಡಿಸಿದರು. ತಮ್ಮ ಮುಂದಿನ ಭಾಷಣದ ಹೊತ್ತಿನಲ್ಲಿ ಒಂದು ಪಾಲು ನಮಗೆ ಬಿಟ್ಟುಕೊಟ್ಟರು. ನಮ್ಮವನು ಮತ್ತೆ ವೇದಿಕೆ ಹತ್ತಿ, ಈ ಸಲ ಗುಡಿಸುವ ಗುಂಡಿಗೆ ದೂರದಿಂದಲೇ ಸಲಾಂ ಹೊಡೆದು, ಅಂಗೈ ನೋಡಿಕೊಂಡು ನಂಬರ್ ತುಂಬಿದ. ಪುಟ ತೆರೆಯಿತು. ಎಲ್ಲಕ್ಕಿಂತ ಮೇಲೆ ಈಶ್ವರ ದೇವರು, ಹಲಬರ್ಗಾ. ಹಿಂದಿನ ಸಾಲಿನಲ್ಲಿದ್ದ ಎಕಂಬಾದವರೊಬ್ಬರು ತಮ್ಮೂರಿಗೂ ಇದೇ ಬೇಕು ಎಂದು ನಮ್ಮ ಕೋಣೆಯ ದಾರಿ ಕೇಳಿದರು. ಮಧ್ಯಾಹ್ನ ನಾನು ರೊಟ್ಟಿ, ಶೇಂಗಾ ಹಿಂಡಿ ಎರಡೆರಡು ಸಲ ಬಡಿಸಿಕೊಂಡೆ. ಒಂದು ಭಾನುವಾರ ಹೀಗೂ ಕಳೆಯಬಹುದು.

ಸೋಮವಾರ ಮಬ್ಬು ಬೆಳಕಿನಲ್ಲಿ ನಾವಿಬ್ಬರೂ ಹಲಬರ್ಗಾದಲ್ಲಿದ್ದೆವು. ಡಬ್ಬಿ ಹಿಡಿದ ಗಂಡಸರು ಹೆಂಗಸರು ಸಾಲಾಗಿ ನಿಂತಿದ್ದರು. ಅತ್ತೆಯ ಜಾಗದಲ್ಲಿ ಯಾರನ್ನು ಕೂಡಿಸಬೇಕು ಎಂದು ತೀರ್ಮಾನಿಸುವ ಹಿರಿಯರು ಎಲ್ಲರಿಗಿಂತ ಮುಂದೆ, ರುಮಾಲು ಸುತ್ತಿಕೊಂಡು. ಜೊತೆಗಾರ ನನ್ನ ಸೆರಗಿನ ಹಿಂದೆ ನಿಂತು ಏನೋ ದುವಾ ಪಠಿಸುತ್ತಿದ್ದ. ನಾನೂ ಮನಸ್ಸಿನಲ್ಲೇ ಪ್ರಾರ್ಥನೆ ಮಾಡಿದೆ, ನಾಚಿಕೆ ಏನು.

ಸೊಸೆ ದೇವರ ಹಾಲನ್ನು ಅಳೆದಳು. ಅಳತೆ ತುಂಬಿ ಎಂಟರ್ ಒತ್ತಿದಳು. ಎರಡನೇ ಹೆಸರು ಪರದೆಯ ಮೇಲೆ ಬಂತು. ಅದನ್ನು ನೋಡಿ ನಾನು ಉಸಿರು ಬಿಡುವಷ್ಟರಲ್ಲಿ ಗೋಡೆಯ ಗೂಡಿನಲ್ಲಿ ಒಂದು ಫೋನ್ ಸದ್ದು ಮಾಡಿತು.

ಹಳೆಯ ಬಟನ್ ಫೋನಿನ ದೊಡ್ಡ ಸದ್ದು. ಕಿವಿ ಮಂದವಾಗಿದ್ದ ಅತ್ತೆ ಅದನ್ನು ಪೂರ್ತಿ ಜೋರು ಮಾಡಿಸಿಕೊಂಡಿದ್ದಳಂತೆ. ಆಕೆ ಹೋದಾಗಿನಿಂದ ಅದು ಮನೆಯ ಟ್ರಂಕಿನಲ್ಲಿತ್ತು. ಆ ದಿನ ಸೊಸೆ ಯಾರಿಗೂ ಹೇಳದೆ ತಂದು ಗೂಡಿನಲ್ಲಿಟ್ಟಿದ್ದಳು. ಸಾಲಿನಲ್ಲಿದ್ದವರೆಲ್ಲ ಒಮ್ಮೆಲೇ ಆ ಕಡೆ ತಿರುಗಿದರು. ಹಿರಿಯರು ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡು, ಏನಂತಾಳ ನೋಡವ್ವ ಎಂದರು.

ಸೊಸೆ ಫೋನ್ ಎತ್ತಿ, ಕಣ್ಣಿನ ಹತ್ತಿರ ಹಿಡಿದು ಮೆಸೇಜ್ ಓದಿದಳು.

"ಹಾಲು ಮುಟ್ಟ್ಯಾದಂತ್ರಿ."

ಹಿರಿಯರು ತಮ್ಮ ಡಬ್ಬಿಯ ಮುಚ್ಚಳ ತೆಗೆದು ಆಕೆಯ ಮುಂದೆ ಇಟ್ಟರು.